ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೂತ್ರ ಸೋರಿಕೆಯ ಜೊತೆ ದಿನಗಳೆಯುವುದು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಮೂತ್ರ ಸೋರಿಕೆಯವನ್ನಷ್ಟೇ ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ. ವಯಸ್ಸು, ತಾಲೂಕು ಮಾತ್ರ ಉಳಿಸಿದ್ದೇವೆ. ಈ ತೊಂದರೆಯನ್ನು ನಾಲ್ಕು ಜನರಿಂದ ಮರೆಮಾಡುವುದು ತಪ್ಪಲ್ಲ. ಆದರೆ ವೈದ್ಯರಿಂದಲೂ ಮರೆಮಾಡಿದರೆ ತಪ್ಪು ಪ್ಯಾಡಿಗೆ ದುಡ್ಡು ಹೋಗುತ್ತದೆ, ಕೆಲವರಿಗೆ ಕಿಡ್ನಿಯೂ ಹೋಗುತ್ತದೆ.

ಅಂಗನವಾಡಿ ಕಾರ್ಯಕರ್ತೆ ಇದ್ದೀನಿ, 46 ವರ್ಷ. ಮೂರು ಹೆರಿಗಿ ಆಗ್ಯಾವ. ಕೆಮ್ಮಿದ್ರ, ಸೀನಿದ್ರ, ಕೊಡ ಎತ್ತಿದ್ರ ಹನಿ ಬೀಳ್ತದ. ಮುಟ್ಟಿನ ಪ್ಯಾಡ್ ಹಾಕ್ಕೊಂಡು ಹೋಗ್ತೀನಿ, ಮಧ್ಯಾಹ್ನ ಆಗೂದ್ರಾಗ ವಾಸನಿ ಬರ್ತದ. ಮುಂಜಾನಿಂದ ನೀರು ಕುಡಿಯೂದೇ ಬಿಟ್ಟೀನಿ. ಏನು ಮಾಡಬೇಕ್ರಿ? (ಚಿತ್ತಾಪುರ ತಾಲೂಕು)

ಮೊದಲು ನೀರಿನ ವಿಷಯ. ನೀರು ಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ. ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಮೂತ್ರಕೋಶದ ಒಳಪದರವನ್ನು ಕೆರಳಿಸುತ್ತದೆ. ಆಗ ಸ್ವಲ್ಪ ತುಂಬಿದರೂ ಅವಸರವಾಗುತ್ತದೆ. ವಾಸನೆ ಹೆಚ್ಚುವುದಕ್ಕೂ ಇದೇ ಕಾರಣ. ಸೋಂಕು, ಮಲಬದ್ಧತೆ ಹಿಂದೆಯೇ ಬರುತ್ತವೆ, ಮಲಬದ್ಧತೆಯಾದಾಗ ತಿಣುಕಿ ತಿಣುಕಿ ಕೆಳಗಿನ ಸ್ನಾಯು ಇನ್ನಷ್ಟು ಸಡಿಲಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನಗಳಲ್ಲಿ ಎರಡರಿಂದ ಎರಡೂವರೆ ಲೀಟರ್ ಬೇಕೇ ಬೇಕು, ಉಳಿದ ಕಾಲಕ್ಕೆ ಒಂದೂವರೆಯಿಂದ ಎರಡು ಸಾಕು. ಹೃದಯ, ಕಿಡ್ನಿ ತೊಂದರೆಗೆ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಾತೇ ನಡೆಯಬೇಕು. ಒಂದೇ ಸಲ ಚೊಂಬು ಎತ್ತಿ ಕುಡಿಯಬೇಡಿ. ಗಂಟೆಗೊಮ್ಮೆ ಅರ್ಧ ಲೋಟ. ಮೂತ್ರ ತಿಳಿ ಹಳದಿ ಇದ್ದರೆ ಅಳತೆ ಸರಿ ಇದೆ.

ಮುಟ್ಟಿನ ಪ್ಯಾಡ್ ಇದಕ್ಕೆ ಆಗಿಬರುವುದಿಲ್ಲ. ಅದನ್ನು ನಿಧಾನವಾಗಿ ಬರುವ, ಸ್ವಲ್ಪ ದಪ್ಪನೆಯ ರಕ್ತಕ್ಕಾಗಿ ಮಾಡಿರುತ್ತಾರೆ. ಮೂತ್ರ ನೀರಿನಷ್ಟೇ ತೆಳು, ಒಮ್ಮೆಲೇ ಬರುತ್ತದೆ. ಪ್ಯಾಡ್ ಹೀರುವ ಮೊದಲೇ ಅಂಚಿಗೆ ಹರಿದು ಪರಕಾರಕ್ಕೆ ಹತ್ತುತ್ತದೆ, ಮೇಲ್ಪದರ ಒದ್ದೆಯಾಗಿಯೇ ಉಳಿಯುತ್ತದೆ. ಮೂತ್ರಕ್ಕೆಂದೇ ಬರುವ ಪ್ಯಾಡಿನಲ್ಲಿ ನೀರನ್ನು ಜೆಲ್ ಮಾಡುವ ಪುಡಿ ಹೆಚ್ಚು ಇರುತ್ತದೆ. ಮೆಡಿಕಲ್ ಅಂಗಡಿಯಲ್ಲಿ 'ಯೂರಿನ್ ಲೀಕೇಜ್ ಪ್ಯಾಡ್' ಎಂದು ಕೇಳಿ.

ಯಾವ ಅಳತೆಯದು ಬೇಕು ಎಂದು ಅಂದಾಜು ಮಾಡುವ ಬದಲು ತೂಗಿ ನೋಡಿ. ಒಣ ಪ್ಯಾಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬಳಸಿದ ಮೇಲೆ ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಮತ್ತೆ ತೂಗಿ. ಹೆಚ್ಚಾದ ಪ್ರತಿ ಗ್ರಾಮನ್ನೂ ಸುಮಾರು 1 ಮಿ.ಲೀ. ಎಂದು ಲೆಕ್ಕ ಹಿಡಿಯಿರಿ. ಎರಡು ದಿನ ಹೀಗೆ ಮಾಡಿದರೆ ನಿಮ್ಮದು 20 ಮಿ.ಲೀ. ಸೋರಿಕೆಯೋ 200 ಮಿ.ಲೀ. ಸೋರಿಕೆಯೋ ಗೊತ್ತಾಗುತ್ತದೆ, ವೈದ್ಯರಿಗೂ ಈ ಅಂಕಿ ಬೇಕಾಗುತ್ತದೆ. ಪೊಟ್ಟಣದ ಮೇಲೆ ಅಚ್ಚು ಹಾಕಿದ ಮಿ.ಲೀ. ಅನ್ನು ಪೂರ್ತಿ ನಂಬಬೇಡಿ. ಅದು ಪ್ಯಾಡನ್ನು ದ್ರವದಲ್ಲಿ ಮುಳುಗಿಸಿ ತೆಗೆದ ಲೆಕ್ಕ. ಮೈಭಾರ ಹಾಕಿ ಕುಂತಾಗ ಅಷ್ಟು ಹಿಡಿಯುವುದಿಲ್ಲ, ಅರ್ಧದಷ್ಟು ಎಂದು ಹಿಡಿದುಕೊಂಡರೆ ಕ್ಷೇಮ.

ಪ್ಯಾಡ್ ಅಲುಗದಂತೆ ಕೂರಲು ಬಿಗಿಯಾದ ಚಡ್ಡಿ ಬೇಕು. ಸಡಿಲ ಚಡ್ಡಿಯಲ್ಲಿ ಎಷ್ಟು ದುಬಾರಿ ಪ್ಯಾಡ್ ಇಟ್ಟರೂ ಸೋರುತ್ತದೆ. ಹಚ್ಚುವ ಮೊದಲು ಪ್ಯಾಡನ್ನು ಉದ್ದಕ್ಕೆ ಒಮ್ಮೆ ಮಡಚಿ ದೋಣಿಯ ಆಕಾರ ಮಾಡಿ, ಅಂಚು ಏಳುತ್ತದೆ. ಕೆಲಸಕ್ಕೆ ಹೋಗುವ ಚೀಲದಲ್ಲಿ ಎರಡು ಪ್ಯಾಡ್, ಒಂದು ಚಡ್ಡಿ, ಕಪ್ಪು ಪ್ಲಾಸ್ಟಿಕ್ ಚೀಲ ಎರಡು, ಹಳೆ ಪೇಪರು, ಸಣ್ಣ ಬಾಟಲಿ ನೀರು. ಇಷ್ಟೂ ಒಂದು ಪೌಚಿನಲ್ಲಿ ಕೂರುತ್ತವೆ. ಮೂರ್ನಾಲ್ಕು ಗಂಟೆಗೊಮ್ಮೆ ಬದಲಿಸಿದರೆ ವಾಸನೆಯ ಸಮಸ್ಯೆ ಬಹುಪಾಲು ಮುಗಿಯಿತು. ತಾಜಾ ಮೂತ್ರಕ್ಕೆ ಅಷ್ಟು ವಾಸನೆ ಇಲ್ಲ. ಬಟ್ಟೆಯಲ್ಲಿ ಕುಳಿತ ಮೇಲೆ ಬ್ಯಾಕ್ಟೀರಿಯಾ ಅದರೊಳಗಿನ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ನಾರುವುದು ಅದು. ಸೆಂಟು ಹೊಡೆದರೆ ಎರಡೂ ಕೂಡಿ ಇನ್ನೂ ಎದ್ದು ಕಾಣುತ್ತದೆ.

ಇನ್ನು ಮೂಲ ಕಾರಣ. ನಿಮ್ಮದು ಒತ್ತಡದ ಸೋರಿಕೆ. ಹೆರಿಗೆಯಲ್ಲಿ ಜಗ್ಗಿಹೋದ ತಳದ ಸ್ನಾಯು, ಹೊಟ್ಟೆಯೊಳಗೆ ಒತ್ತಡ ಏರಿದ ಕ್ಷಣದಲ್ಲಿ ಮೂತ್ರನಾಳವನ್ನು ಬಿಗಿಯಾಗಿ ಮುಚ್ಚುವುದಿಲ್ಲ. ಈ ಸ್ನಾಯುವಿಗೆ ವ್ಯಾಯಾಮ ಇದೆ. ಕುರ್ಚಿಯ ಮೇಲೆ ಪಾದ ನೆಲಕ್ಕೆ ಊರಿ ಕೂಡಿ. ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ ಬಿಗಿಮಾಡುತ್ತ, ಮುಂದೆ ಮೂತ್ರದ ಜಾಗದವರೆಗೆ ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಕುಂಡಿ, ಹೊಟ್ಟೆ ಬಿಗಿಯಾಗಬಾರದು, ಉಸಿರು ಹಿಡಿಯಬಾರದು. ಉಸಿರು ಹಿಡಿದರೆ ಸ್ನಾಯು ಮೇಲೆ ಹೋಗುವ ಬದಲು ಕೆಳಗೆ ತಳ್ಳಲ್ಪಡುತ್ತದೆ, ಮಾಡಿದ್ದೆಲ್ಲ ಉಲ್ಟಾ. 5 ಎಣಿಸುವವರೆಗೆ ಹಿಡಿದು ಅಷ್ಟೇ ಹೊತ್ತು ಬಿಡಿ. ಹೀಗೆ 8 ಸಲ, ಆಮೇಲೆ 8 ಸಲ ಚಟಚಟ ಬಿಗಿದು ಬಿಡುವುದು. ದಿನಕ್ಕೆ ಮೂರು ಸುತ್ತು. ವಾರಗಳು ಕಳೆದಂತೆ ಹಿಡಿತವನ್ನು 10 ಎಣಿಕೆಗೆ ಏರಿಸಿ. ಮೂತ್ರ ಹೊಯ್ಯುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಕನಿಷ್ಠ ಮೂರು ತಿಂಗಳು ಬೇಕು. ಅನೇಕರು ಮೊದಲ ಕೆಲವು ವಾರಗಳಲ್ಲೇ ಬಿಡುತ್ತಾರೆ, ಆಗಿನ್ನೂ ಸ್ನಾಯು ಬಲಿತೇ ಇರುವುದಿಲ್ಲ.

ಅಷ್ಟರೊಳಗೆ ಇವತ್ತಿನಿಂದಲೇ ಉಪಯೋಗಕ್ಕೆ ಬರುವ ಒಂದು ಉಪಾಯ: ಕೆಮ್ಮು ಬರುತ್ತದೆ ಎನ್ನಿಸಿದ ಕ್ಷಣ, ಕೊಡ ಎತ್ತುವ ಒಂದು ಕ್ಷಣ ಮೊದಲು, ಅದೇ ಸ್ನಾಯುವನ್ನು ಬಿಗಿದು ಹಿಡಿಯಿರಿ. ಎತ್ತುವಾಗ ಉಸಿರು ಹೊರಗೆ ಬಿಡಿ. ತುಂಬಿದ ಕೊಡದ ಬದಲು ಅರ್ಧರ್ಧ ಎರಡು ಸಲ ತನ್ನಿರಿ.

ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ತರಹದ ಮಾತ್ರೆ ತಗೋತಿದ್ದು ಒಣಕೆಮ್ಮು ಹತ್ತಿದ್ದರೆ, ಆ ಕೆಮ್ಮು ಮಾತ್ರೆಯದೇ ಇರಬಹುದು. ವೈದ್ಯರು ಬೇರೆ ಬಗೆಯದಕ್ಕೆ ಬದಲಿಸಿಕೊಡುತ್ತಾರೆ, ಕೆಮ್ಮಿನೊಡನೆ ಸೋರಿಕೆಯೂ ಕಡಿಮೆಯಾಗಬಹುದು. ಕೆಳಗೆ ಏನೋ ಜಾರಿ ಬಂದಂತೆ ಅನ್ನಿಸಿದರೆ ಗರ್ಭಕೋಶ ಇಳಿದಿರಬಹುದು. ಅದಕ್ಕೆ ಒಳಗೆ ಕೂರಿಸುವ ಸಿಲಿಕೋನ್ ರಿಂಗ್ ಇದೆ, ಆಪರೇಷನ್ನೇ ಆಗಬೇಕೆಂದಿಲ್ಲ. ಮೂರು ತಿಂಗಳ ನಂತರವೂ ಗುಣ ಕಾಣದಿದ್ದರೆ ಜಿಲ್ಲೆಯ ಸರ್ಕಾರಿ ಬೋಧಕ ಆಸ್ಪತ್ರೆಯ ಸ್ತ್ರೀರೋಗ ಹೊರರೋಗಿ ವಿಭಾಗಕ್ಕೆ ಹೋಗಿ. ಕಲಬುರಗಿಗೆ ಜಿಮ್ಸ್, ಬೀದರಿಗೆ ಬ್ರಿಮ್ಸ್, ಯಾದಗಿರಿಗೆ ಯಿಮ್ಸ್. ದೊಡ್ಡ ದೊಡ್ಡ ಶಬ್ದ ಬೇಕಿಲ್ಲ. "ಕೆಮ್ಮಿದ್ರ ಉಚ್ಚಿ ಹನೀತದ" ಎಂದರೆ ವೈದ್ಯರಿಗೆ ಪೂರ್ತಿ ಅರ್ಥವಾಗುತ್ತದೆ.

ನಮ್ಮ ಅಪ್ಪಗ 72 ವರ್ಷ, ಬಹಳ ವರ್ಷದ ಸಕ್ಕರಿ ಕಾಯಿಲಿ. ಹಗಲು ರಾತ್ರಿ ಹನಿಹನಿ ಸೋರ್ತದ, ಧಾರಿ ಬರೂದಿಲ್ಲ. ಯಾವ ಡೈಪರ್ ಛಲೋ? (ಔರಾದ್ ತಾಲೂಕು)

ಡೈಪರ್ ಪ್ರಶ್ನೆ ಆಮೇಲೆ. ಈ ವಾರವೇ ಅವರನ್ನು ದವಾಖಾನೆಗೆ ಕರೆದೊಯ್ಯಿರಿ. ಧಾರೆ ಇಲ್ಲದೆ ಸದಾ ಹನಿಯುವುದು ಎಂದರೆ ಮೂತ್ರಕೋಶ ಖಾಲಿಯಾಗದೆ, ತುಂಬಿ ಹೊರಚೆಲ್ಲುತ್ತಿರುವ ಲಕ್ಷಣ. ಪ್ರಾಸ್ಟೇಟ್ ಗ್ರಂಥಿ ದಾರಿ ಕಟ್ಟಿರಬಹುದು, ಅಥವಾ ಹಳೆಯ ಸಕ್ಕರೆ ಕಾಯಿಲೆಯಿಂದ ಮೂತ್ರಕೋಶದ ನರ ಸತ್ತು ತುಂಬಿದ್ದೇ ತಿಳಿಯದಿರಬಹುದು. ಹೊಕ್ಕುಳ ಕೆಳಗೆ ಕೈಯಿಟ್ಟರೆ ಗುಂಡನೆಯ ಉಬ್ಬು ಸಿಕ್ಕರೂ ಸಿಗಬಹುದು. ಒತ್ತಡ ಹಿಂದಕ್ಕೆ ಏರಿ ಕಿಡ್ನಿ ಕೆಡುವುದು ಸದ್ದಿಲ್ಲದೆ, ನೋವಿಲ್ಲದೆ. ಡೈಪರ್ ಹಾಕಿದರೆ ಸೋರುವುದು ಕಾಣುವುದಿಲ್ಲ, ಒಳಗಿನ ಕೆಡುಕು ಮುಂದುವರಿಯುತ್ತದೆ.

ಅಲ್ಟ್ರಾಸೌಂಡ್ ಮಾಡಿಸುವಾಗ 'ಮೂತ್ರ ಹೊಯ್ದ ಮೇಲೆ ಎಷ್ಟು ಉಳೀತದ, ಅದನ್ನೂ ನೋಡ್ರಿ' ಎಂದು ಬಾಯಿಬಿಟ್ಟು ಹೇಳಿ. ಉಳಿಕೆ 300 ಮಿ.ಲೀ. ದಾಟಿದ್ದರೆ ಹಗುರಾಗಿ ತಗೊಳ್ಳುವ ಮಾತಲ್ಲ. ಜೊತೆಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತ ಪರೀಕ್ಷೆ), ಸಕ್ಕರೆ, ಮೂತ್ರ ಪರೀಕ್ಷೆ. ಅಲ್ಲಿಯವರೆಗೆ ನೆಗಡಿ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. ಅದರೊಳಗಿನ ಔಷಧಿ ಮೂತ್ರದ ದಾರಿಯನ್ನು ಇನ್ನಷ್ಟು ಬಿಗಿಮಾಡಿ ಪೂರ್ತಿ ಕಟ್ಟಿಸಬಹುದು. ಮೂತ್ರ ಸಂಪೂರ್ಣ ನಿಂತು ಕೆಳಹೊಟ್ಟೆ ನೋಯಲು ಹತ್ತಿದರೆ ಬೆಳಗಾಗುವವರೆಗೆ ಕಾಯಬೇಡಿ, ಅದೇ ರಾತ್ರಿ ತುರ್ತು ವಿಭಾಗ. ಇವರಿಗೆ ಮುಂದೆ ಹೇಳುವ ಕಾಂಡಮ್ ಕ್ಯಾಥೆಟರ್ (ಶಿಶ್ನದ ಮೇಲೆ ಹಾಕುವ, ತುದಿಗೆ ಕೊಳವೆ ಇರುವ ಹೊದಿಕೆ) ಕೂಡ ಸಲ್ಲದು. ಅದು ಹೊರಗೆ ಬಂದ ಮೂತ್ರವನ್ನು ಹಿಡಿಯುತ್ತದೆಯೇ ಹೊರತು ಒಳಗೆ ಕಟ್ಟಿದ್ದನ್ನು ತೆಗೆಯುವುದಿಲ್ಲ.

ಪ್ರಾಸ್ಟೇಟ್ ಆಪರೇಷನ್ ಆಗಿ ಎರಡು ತಿಂಗಳು. ನಡೆದರೆ ಎದ್ದರೆ ಸೋರುತ್ತದೆ. ಮೊಮ್ಮಗಳ ಮದುವೆ ಇದೆ, ಪೈಜಾಮ ಒದ್ದೆಯಾದರೆ ಮಾನ ಹೋಗುತ್ತದೆ. ವಯಸ್ಸು 68. (ಭಾಲ್ಕಿ)

ದುರ್ಬೀನು ಹಾಕಿ ಮಾಡುವ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಕೆಲವು ವಾರ, ಕೆಲವರಿಗೆ ಮೂರು ತಿಂಗಳವರೆಗೂ ಅವಸರ ಮತ್ತು ಸೋರಿಕೆ ಇರುವುದುಂಟು. ಒಂದು ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮೇಲೆ ಹೇಳಿದ ಸ್ನಾಯು ವ್ಯಾಯಾಮ ಗಂಡಸರಿಗೂ ಅದೇ. ಸರಿಯಾಗಿ ಮಾಡಿದರೆ ಶಿಶ್ನದ ಬುಡ ಒಳಕ್ಕೆ ಎಳೆದಂತೆ, ಬೀಜ ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ. ಮೂರು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ಆಪರೇಷನ್ ಮಾಡಿದ ವೈದ್ಯರ ಬಳಿಗೇ ಮರಳಿ ಹೋಗಿ.

ಮದುವೆಯ ದಿನಕ್ಕೆ ಎರಡು ದಾರಿ ಇವೆ. ಸೋರಿಕೆ ಸ್ವಲ್ಪವೇ ಇದ್ದರೆ ಗಂಡಸರ ಪ್ಯಾಡ್, ಮುಂದೆ ಅಗಲ, ಹಿಂದೆ ಕಿರಿದು. ಬಿಗಿ ಚಡ್ಡಿಯೊಳಗೆ ಹಚ್ಚಿ ಶಿಶ್ನ ಕೆಳಮುಖವಾಗಿ ಇರುವಂತೆ ನೋಡಿಕೊಳ್ಳಿ. ಮೇಲ್ಮುಖವಾಗಿ ಇದ್ದರೆ ಸೊಂಟದ ಪಟ್ಟಿಯ ಕಡೆಯಿಂದ ಸೋರುತ್ತದೆ, ಆಮೇಲೆ ಪ್ಯಾಡನ್ನು ಬೈಯುತ್ತೇವೆ. ಹೆಚ್ಚು ಇದ್ದರೆ ಕಾಂಡಮ್ ಕ್ಯಾಥೆಟರ್ ಮತ್ತು ಕಾಲಿಗೆ ಕಟ್ಟುವ ಚೀಲ.

ಕಾಂಡಮ್ ಕ್ಯಾಥೆಟರ್ ಕೈಕೊಡುವುದು ಹೆಚ್ಚಾಗಿ ಅಳತೆ ತಪ್ಪಿ. ಸಾಮಾನ್ಯವಾಗಿ 25, 30, 35 ಮಿ.ಮೀ. ಅಳತೆಗಳು ಸಿಗುತ್ತವೆ. ಶಿಶ್ನದ ಬುಡದ ಹತ್ತಿರ ದಾರ ಸುತ್ತಿ, ಆ ದಾರವನ್ನು ಸ್ಕೇಲಿನ ಮೇಲಿಟ್ಟು ಉದ್ದ ನೋಡಿ, 3.14ರಿಂದ ಭಾಗಿಸಿ. ದಾರ 94 ಮಿ.ಮೀ. ಬಂದರೆ ನಿಮಗೆ 30ರದು. ದೊಡ್ಡದಾದರೆ ಕಳಚುತ್ತದೆ, ಸಣ್ಣದಾದರೆ ರಕ್ತ ನಿಲ್ಲುತ್ತದೆ.

ಹಾಕುವ ಮೊದಲು ಸಾಬೂನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಪೌಡರ್, ಕ್ರೀಮು ಏನೂ ಹಚ್ಚಬೇಡಿ, ಅಂಟು ಹಿಡಿಯುವುದಿಲ್ಲ. ಬುಡದ ಕೂದಲನ್ನು ಕತ್ತರಿಯಿಂದ ಸಣ್ಣ ಮಾಡಿ. ಬ್ಲೇಡು ಹಾಕಿದರೆ ಗಾಯವಾಗುತ್ತದೆ. ಮುಂದೊಗಲು ಇದ್ದರೆ ಅದು ಸಹಜವಾಗಿ ಮುಂದೆ ಇರಲಿ, ಹಿಂದಕ್ಕೆ ಸರಿಸಿ ಹಾಕಿದರೆ ಬಾವು ಬರುತ್ತದೆ. ತುದಿ ಮತ್ತು ಕೊಳವೆಯ ನಡುವೆ ಒಂದೆರಡು ಸೆಂ.ಮೀ. ಜಾಗ ಬಿಟ್ಟು ಉರುಳಿಸುತ್ತ ಹಾಕಿ. ಜಾಗ ಬಿಡದಿದ್ದರೆ ತುದಿ ಉಜ್ಜಿ ಹುಣ್ಣಾಗುತ್ತದೆ, ಬಹಳ ಬಿಟ್ಟರೆ ಅಲ್ಲಿ ತಿರುಚಿಕೊಂಡು ಮೂತ್ರ ಹಿಂದಕ್ಕೆ ಬಂದು ಅಂಟು ಬಿಡುತ್ತದೆ. ಹಾಕಿದ ಮೇಲೆ ಅರ್ಧದಿಂದ ಒಂದು ನಿಮಿಷ ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಮೈ ಬಿಸಿಗೆ ಅಂಟು ಕೂರುತ್ತದೆ. ಕಳಚುತ್ತದೆಂದು ಮೇಲೆ ರಬ್ಬರ್ ಬ್ಯಾಂಡು, ದಾರ, ಗಾಯದ ಪಟ್ಟಿ ಸುತ್ತುವವರಿದ್ದಾರೆ. ಇದನ್ನು ಎಂದೂ ಮಾಡಬಾರದು, ಚರ್ಮ ಸತ್ತು ಕಪ್ಪಾಗುವ ಅಪಾಯ ಇದೆ. ಅರ್ಧ ಗಂಟೆಗೊಮ್ಮೆ ಮೊದಲು, ನಂತರ ಕೆಲ ಗಂಟೆಗೊಮ್ಮೆ ನೋಡಿ. ಬಾವು, ನೀಲಿ ಬಣ್ಣ, ನೋವು ಕಂಡರೆ ಕೂಡಲೇ ತೆಗೆಯಿರಿ. 24 ಗಂಟೆಗೆ ಬದಲಿಸಬೇಕು. ತೆಗೆಯುವಾಗ ಎಳೆಯದೆ ಉಗುರುಬೆಚ್ಚಗಿನ ನೀರು ಹಾಕಿ ಉರುಳಿಸಿ. ಲೇಟೆಕ್ಸಿಗೆ ತುರಿಕೆ ಬಂದರೆ ಸಿಲಿಕೋನಿನದು ಕೇಳಿ.

ಕಾಲಿನ ಚೀಲವನ್ನು ಪೈಜಾಮದ ಕೆಳಗೆ ಮೀನಖಂಡಕ್ಕೆ ಕಟ್ಟಿದರೆ ಕಾಣುವುದಿಲ್ಲ. ಧೋತರಕ್ಕಾದರೆ ತೊಡೆಗೆ ಕಟ್ಟಿ. ಅರ್ಧ ತುಂಬಿದಾಗಲೇ ಖಾಲಿ ಮಾಡಿ, ಇಲ್ಲವಾದರೆ ಭಾರಕ್ಕೆ ಜಗ್ಗಿ ಮೇಲಿನದು ಕಳಚುತ್ತದೆ. ರಾತ್ರಿ 2 ಲೀಟರಿನ ಚೀಲ, ಮಂಚದ ಪಕ್ಕ, ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಇದನ್ನೆಲ್ಲ ಮದುವೆಯ ದಿನವೇ ಮೊದಲ ಸಲ ಪ್ರಯತ್ನಿಸಬೇಡಿ. ಒಂದು ವಾರ ಮೊದಲು ಮನೆಯಲ್ಲಿ ಹಾಕಿಕೊಂಡು ಕೂತೆದ್ದು, ಮೆಟ್ಟಿಲು ಹತ್ತಿ ಇಳಿದು ನೋಡಿ.

ಮೂತ್ರ ಮುಗಿಸಿ ಎದ್ದ ಮೇಲೆ ನಾಲ್ಕು ಹನಿ ಚಡ್ಡಿಗೆ ಬೀಳುವುದು ಬೇರೆ ತೊಂದರೆ, ನಾಳದಲ್ಲಿ ಉಳಿದದ್ದು. ಮುಗಿದ ಮೇಲೆ ಬೀಜಚೀಲದ ಹಿಂದೆ ಎರಡು ಬೆರಳಿಟ್ಟು ಮೇಲಕ್ಕೊತ್ತಿ, ಮುಂದಕ್ಕೆ ಸವರಿಕೊಂಡು ಬನ್ನಿ, ಉಳಿದದ್ದು ಅಲ್ಲೇ ಬೀಳುತ್ತದೆ.

ವಯಸ್ಸು 29, ಬ್ಯಾಂಕಿನಲ್ಲಿ ಕೆಲಸ. ಮುಕ್ಕಾಲು ಗಂಟೆಗೊಮ್ಮೆ ಓಡಬೇಕು. ಮನೆಯ ಕೀಲಿ ತೆಗೆಯುವಷ್ಟರಲ್ಲಿ ಆಗಿಬಿಡುತ್ತದೆ. ಸ್ಕ್ಯಾನಿಂಗ್ ನಾರ್ಮಲ್. (ಕಲಬುರಗಿ)

ನಿಮ್ಮದು ಅವಸರದ ಸೋರಿಕೆ. ಮೊದಲಿನ ಪತ್ರದವರದಕ್ಕಿಂತ ಪೂರ್ತಿ ಬೇರೆ: ಇಲ್ಲಿ ಮುಚ್ಚಳ ಸಡಿಲಾಗಿಲ್ಲ, ಮೂತ್ರಕೋಶವೇ ಹೊತ್ತಲ್ಲದ ಹೊತ್ತಿಗೆ ಹಿಂಡಿಕೊಳ್ಳುತ್ತದೆ. ಸೋಂಕು ಮತ್ತು ಸಕ್ಕರೆ ಪರೀಕ್ಷೆ ಆಗಿರದಿದ್ದರೆ ಮಾಡಿಸಿ.

ಮೂರು ದಿನ ಲೆಕ್ಕ ಬರೆಯಿರಿ. ಹೊಯ್ದ ಹೊತ್ತು, ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಮಗ್ಗಿನಲ್ಲಿ ಎಷ್ಟು ಮಿ.ಲೀ., ಏನು ಕುಡಿದಿರಿ, ಎಷ್ಟು ಚಾ. ದೊಡ್ಡವರ ಮೂತ್ರಕೋಶ 300ರಿಂದ 500 ಮಿ.ಲೀ. ಹಿಡಿಯುತ್ತದೆ. ನಿಮಗೆ ಪ್ರತಿ ಸಲ 80-100 ಮಾತ್ರ ಬರುತ್ತಿದ್ದರೆ ಮೂತ್ರಕೋಶಕ್ಕೆ ಚೂರು ತುಂಬಿದರೂ ಕೂಗುವ ಚಟ ಬಿದ್ದಿದೆ. ಪ್ರತಿ ಸಲ 350 ಬಂದು ದಿನದ ಒಟ್ಟು 3 ಲೀಟರ್ ದಾಟಿದರೆ ದೋಷ ಮೂತ್ರಕೋಶದ್ದಲ್ಲ. ಸಾಮಾನ್ಯವಾಗಿ ಕುಡಿಯುವುದು ಹೆಚ್ಚು ಅಥವಾ ಸಕ್ಕರೆ ಹೆಚ್ಚು. ಈ ಚೀಟಿ ಇಲ್ಲದೆ ಹೋದರೆ ವೈದ್ಯರೂ ಕತ್ತಲಲ್ಲಿ ಮಾತ್ರೆ ಬರೆಯಬೇಕಾಗುತ್ತದೆ.

ಚಟ ಬಿಡಿಸುವ ಕ್ರಮ ಹೀಗೆ. ಈಗ 45 ನಿಮಿಷ ಇದ್ದರೆ ಈ ವಾರ 60 ನಿಮಿಷಕ್ಕೆ ಮಾತ್ರ ಹೋಗಿ, ಅವಸರ ಇರಲಿ ಬಿಡಲಿ. ಮುಂದಿನ ವಾರ ಇನ್ನು 15 ಸೇರಿಸಿ. ಮೂರು ಗಂಟೆ ಮುಟ್ಟುವವರೆಗೆ ಹೀಗೇ. ಆರು ವಾರಕ್ಕೆ ಮೊದಲು ಫಲ ಸಿಗಲಿಲ್ಲವೆಂದು ಬಿಡಬೇಡಿ. ಅವಸರ ಬಂದಾಗ ಓಡಬೇಡಿ, ಓಡಿದರೆ ಹೊಟ್ಟೆಯ ಒತ್ತಡ ಏರಿ ಸೋರುತ್ತದೆ. ನಿಂತಲ್ಲೇ ನಿಂತು ಐದಾರು ಸಲ ಚಟಚಟ ತಳದ ಸ್ನಾಯು ಬಿಗಿಯಿರಿ, 100ರಿಂದ ಏಳೇಳು ಕಳೆಯುತ್ತ ಎಣಿಸಿ. ಅವಸರ ಏರಿದ ಹಾಗೇ ಇಳಿಯುತ್ತದೆ; ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ಮನೆ ಬಾಗಿಲಲ್ಲಿ ಆಗುವುದು ಮಿದುಳಿನ ರೂಢಿ, ಕೀಲಿ ಕಂಡರೆ ಮೂತ್ರಕೋಶ ಹಿಂಡುತ್ತದೆ. ಕೀಲಿ ಹಾಕುವ ಮೊದಲೇ ಬಿಗಿಯಿರಿ, ಒಳಗೆ ಹೋದ ಮೇಲೆ ಚಪ್ಪಲಿ ಬಿಟ್ಟು, ಚೀಲ ಇಟ್ಟು, ನೀರು ಕುಡಿದು, ಆಮೇಲೆ ಬಚ್ಚಲಿಗೆ ಹೋಗಿ.

ಕೆಲಸದಲ್ಲಿ ಐದಾರು ಚಾ ಆಗುತ್ತಿದ್ದರೆ ಎರಡಕ್ಕೆ ಇಳಿಸಿ, ಒಂದೇ ದಿನದಲ್ಲಿ ಬಿಟ್ಟರೆ ತಲೆ ಸಿಡಿಯುತ್ತದೆ, ಎರಡು ವಾರದಲ್ಲಿ ಒಂದೊಂದಾಗಿ. ಖಾರ ಕೆಲವರಿಗೆ ಅವಸರ ಹೆಚ್ಚಿಸುತ್ತದೆ, ಎಲ್ಲರಿಗೂ ಅಲ್ಲ. ಒಂದು ವಾರ ಮಿರ್ಚಿ ಭಜಿ, ಖಾರದ ಚಟ್ನಿ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ಸುಮ್ಮನೆ ನಾಲಿಗೆಗೆ ಶಿಕ್ಷೆ ಬೇಡ. ಮಾತ್ರೆಗಳೂ ಇವೆ. ಸೊಲಿಫೆನಾಸಿನ್ ತರಹದವು ಬಾಯಿ ಒಣಗಿಸಿ ಮಲಬದ್ಧತೆ ತರುತ್ತವೆ, ಮಿರಾಬೆಗ್ರಾನ್ ತಗೊಂಡರೆ ಬಿಪಿ ನೋಡುತ್ತಿರಬೇಕು. ವಯಸ್ಸಾದವರಿಗೆ ಆಕ್ಸಿಬ್ಯುಟಿನಿನ್ ಮರೆವು, ಗಲಿಬಿಲಿ ತರಬಹುದು, ಬೇಡವೆನ್ನಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಈ ಯಾವ ಅಭ್ಯಾಸಕ್ಕೂ ಕಾಯದೆ ಪರೀಕ್ಷೆಗೆ ಹೋಗಬೇಕು.

ಅತ್ತೆಯವ್ರಿಗೆ ಲಕ್ವಾ ಹೊಡೆದು ಹಾಸಿಗಿ ಹಿಡಿದಾರ. ದಿನಾ ಮೂರ್ನಾಲ್ಕು ಡೈಪರ್ ಹಾಕಿಸೋ ಶಕ್ತಿ ಇಲ್ಲ. ತೊಡಿ ಸಂದಿ ಕೆಂಪಾಗಿ ಬೆಂದಂಗ ಆಗ್ಯಾದ. ನಳದಾಗ ನೀರು ಬರೂದು ಮೂರು ದಿನಕ್ಕೊಮ್ಮೆ. (ಶಹಾಪುರ)

ಎಲ್ಲ ಹೊತ್ತಿಗೂ ಡೈಪರ್ ಬೇಕಿಲ್ಲ. ಅತ್ತೆಯವರಿಗೆ ಮಾತು ತಿಳಿಯುತ್ತಿದ್ದರೆ ಹಗಲಲ್ಲಿ ಎರಡು ಗಂಟೆಗೊಮ್ಮೆ ನೀವೇ ಕೇಳಿ ಬೆಡ್‌ಪ್ಯಾನ್ ಇಡಿ, ಕೂಡಿಸಲು ಬಂದರೆ ಕಮೋಡ್ ಕುರ್ಚಿ. ಲಕ್ವಾ ಆದ ಬಹಳ ಜನರಿಗೆ ಮೂತ್ರದ ತಿಳಿವು ಇರುತ್ತದೆ, ಹೇಳಲು, ಏಳಲು ಬರುವುದಿಲ್ಲ ಅಷ್ಟೇ. ಇದೊಂದರಿಂದಲೇ ದಿನಕ್ಕೆ ಒಂದೆರಡು ಡೈಪರ್ ಉಳಿಯುತ್ತವೆ. ಹಗಲು ಬಟ್ಟೆ, ರಾತ್ರಿ ಒಂದು ಒಳ್ಳೆಯ ಡೈಪರ್ ಎಂದು ಇಟ್ಟುಕೊಳ್ಳಿ.

ಬಟ್ಟೆಗೆ ಹಳೆ ಕಾಟನ್ ಸೀರೆ, ಧೋತರ ಬಲು ಚೆನ್ನ. ನಾಲ್ಕು ಪದರ, ನಡುವೆ ಎಂಟು. ಹಾಸಿಗೆಯ ಮೇಲೆ ಮೊದಲು ರಬ್ಬರ್ ಶೀಟು, ಅದರ ಮೇಲೆ ಮಡಚಿದ ಕಾಟನ್ ಸೀರೆ. ಸೊಂಟದಿಂದ ತೊಡೆಯ ನಡುವಿನವರೆಗೆ ಬಂದರೆ ಸಾಕು. ರಬ್ಬರ್ ಮೈಗೆ ನೇರವಾಗಿ ತಾಗಬಾರದು, ಈ ಸೆಕೆಯಲ್ಲಿ ಬೆವರಿಗೇ ಚರ್ಮ ಕಳಚುತ್ತದೆ. ಕೌದಿಯನ್ನು ಕೆಳಗೆ ಹಾಸಬೇಡಿ, ಒಮ್ಮೆ ನೆನೆದರೆ ಒಣಗಿಸುವುದು ಎರಡು ದಿನದ ಕೆಲಸ.

ಡೈಪರ್ ಅಳತೆಯನ್ನು ತೂಕದಿಂದಲ್ಲ, ಸೊಂಟ ಮತ್ತು ಕುಂಡಿಯ ಸುತ್ತಳತೆಯಲ್ಲಿ ದೊಡ್ಡದು ಯಾವುದೋ ಅದರಿಂದ ಆರಿಸಿ. ಮಲಗಿದವರಿಗೆ ಟೇಪಿನದು, ಓಡಾಡುವವರಿಗೆ ಪ್ಯಾಂಟಿನದು. ಪಕ್ಕಕ್ಕೆ ಹೊರಳಿಸಿ, ಉದ್ದಕ್ಕೆ ಮಡಚಿದ ಡೈಪರನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ ಬಿಡಿಸಿ. ತೊಡೆ ಸಂದಿಯಲ್ಲಿರುವ ನಿರಿಗೆ ಒಳಕ್ಕೆ ಮಡಚಿಕೊಂಡಿದ್ದರೆ ಬೆರಳಿಂದ ಹೊರಗೆಳೆಯಿರಿ. ಡೈಪರ್ ಅರ್ಧ ತುಂಬದೆಯೂ ಸೋರುತ್ತಿದ್ದರೆ ಬಹಳ ಸಲ ಕಾರಣ ಈ ನಿರಿಗೆಯೇ ಎನ್ನಬಹುದು. ರಾತ್ರಿ ಒಂದರ ಮೇಲೊಂದು ಎರಡು ಹಾಕುವುದು ವ್ಯರ್ಥ. ಒಳಗಿನದರ ಹೊರಪದರ ಪ್ಲಾಸ್ಟಿಕ್, ಅದರಿಂದ ಹೊರಗಿನದಕ್ಕೆ ಹನಿಯೂ ಹೋಗುವುದಿಲ್ಲ.

ಕೆಂಪಾದ ಜಾಗಕ್ಕೆ ಉಗುರುಬೆಚ್ಚಗಿನ ಬರೀ ನೀರು, ಮುಂದಿನಿಂದ ಹಿಂದಕ್ಕೆ. ಡೆಟಾಲ್ ಹಾಕಬೇಡಿ, ಬೆಂದ ಚರ್ಮ ಇನ್ನಷ್ಟು ಬೇಯುತ್ತದೆ. ಉಜ್ಜದೆ ಒತ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ, ಆಮೇಲೆ ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ. ದಪ್ಪಗೆ ಮೆತ್ತಿದರೆ ಅದು ಡೈಪರಿಗೆ ಅಂಟಿ ಹೀರುವ ರಂಧ್ರ ಮುಚ್ಚುತ್ತದೆ. ಪೌಡರ್ ಒದ್ದೆಯಾಗಿ ಗಂಟುಕಟ್ಟಿ ಸಂದಿಯಲ್ಲಿ ಉಜ್ಜುತ್ತದೆ, ಅದೂ ಬೇಡ. ಸಂದಿಯ ಒಳಗೇ ಗಾಢ ಕೆಂಪು ಇದ್ದು ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡರೆ ಅದು ಶಿಲೀಂಧ್ರ. ಜಿಂಕ್ ಕೆಲಸ ಮಾಡದು, ವೈದ್ಯರಿಗೆ ತೋರಿಸಿ ಕ್ಲೋಟ್ರಿಮಜೋಲ್ ಬರೆಸಿಕೊಳ್ಳಿ. ಬೆನ್ನ ಕೆಳಗಿನ ಎಲುಬಿನ ಮೇಲೆ ಕೆಂಪು ಕಲೆ ಇದ್ದು ಬೆರಳೊತ್ತಿದರೂ ಬಿಳಿಯಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು.

ನೀರಿನ ಕೊರತೆಗೆ: ಒದ್ದೆ ಬಟ್ಟೆಯನ್ನು ಹಾಗೇ ಮೂಲೆಗೆ ಗುಡ್ಡೆ ಹಾಕಬೇಡಿ. ಮೂರು ನಾಲ್ಕು ಲೀಟರ್ ತಣ್ಣೀರಲ್ಲಿ ಒಮ್ಮೆ ಜಾಲಿಸಿ ಹಿಂಡಿ, ಮುಚ್ಚಳದ ಬಕೆಟ್ಟಿಗೆ ಹಾಕಿ. ನಳ ಬಂದ ದಿನ ಬಿಸಿನೀರು, ಸೋಪಿನಲ್ಲಿ ಒಗೆಯಿರಿ. ನಮ್ಮ ಬಿಸಿಲೇ ಉಳಿದದ್ದನ್ನು ಮಾಡುತ್ತದೆ. ಕಂಫರ್ಟ್ ತರಹದ ಮೃದು ಮಾಡುವ ದ್ರವ ಹಾಕಿದರೆ ಬಟ್ಟೆ ಹೀರುವುದನ್ನೇ ಬಿಡುತ್ತದೆ. ಮೂತ್ರದ ಬಟ್ಟೆಯ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಅಮೋನಿಯಾ ಜೊತೆ ಸೇರಿ ಕಣ್ಣು, ಎದೆ ಉರಿಸುವ ವಿಷಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಅಪಾಯ.

ಬಳಸಿದ ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿ ಅದರದೇ ಟೇಪು ಹಚ್ಚಿ, ಪೇಪರಿನಲ್ಲಿ ಕಟ್ಟಿ, ಕಸದ ಗಾಡಿಗೆ ಬೇರೆಯಾಗಿ ಕೊಡಿ. ಪಾಯಿಖಾನೆಗೆ ಹಾಕಿದರೆ ಜೆಲ್ ಉಬ್ಬಿ ಪೈಪು ಕಟ್ಟುತ್ತದೆ. ಗಾಡಿ ಬಾರದ ಹಳ್ಳಿಯಲ್ಲಿ ಇದ್ದರೆ ಬಟ್ಟೆಯೇ ಮೇಲು.

ಯಾದಗಿರಿಯಿಂದ ಬೆಂಗಳೂರಿಗೆ ಆಗಾಗ ಹೋಗಬೇಕಾಗುತ್ತದೆ. ಹಿಂದಿನ ದಿನವೇ ನೀರು ಬಿಡುತ್ತೇನೆ, ಆದರೂ ಧೈರ್ಯ ಇಲ್ಲ. 58, ಮಹಿಳೆ.

ಬಸ್ಸಿಗಿಂತ ರೈಲು, ನಿಮಗೆ ಬೇಕಾದಾಗ ಬಚ್ಚಲು ಇರುತ್ತದೆ. ಬೋಗಿಯ ತುದಿಯ ಕೆಳ ಬರ್ತ್ ಕೇಳಿ. ಬಸ್ಸೇ ಆದರೆ ಓಡಾಡುವ ದಾರಿಯ ಪಕ್ಕದ ಸೀಟು. ಊಟಕ್ಕೆ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಹಿಂದಿನ ದಿನ ನೀರು ಬಿಡುವುದು ಬೇಡ. ಹೊರಡುವ ಎರಡು ಗಂಟೆ ಮೊದಲಿನಿಂದ ಗುಟುಕು ಗುಟುಕು ಮಾತ್ರ, ಚಾ ಇಲ್ಲ. ಸೀರೆಯವರಿಗೆ ಪ್ಯಾಂಟ್ ಡೈಪರ್ ಸಲೀಸು. ಪಕ್ಕದ ಹೊಲಿಗೆ ಹರಿದರೆ ಕಳಚುತ್ತದೆ, ಹೊಸದಕ್ಕೆ ಚಪ್ಪಲಿ ಬಿಟ್ಟರೆ ಸಾಕು. ಚೂಡಿದಾರದವರು ಅದೇ ಕೆಲಸಕ್ಕೆ ಓಲಾಡುವ ರೈಲಿನ ಬಚ್ಚಲಲ್ಲಿ ಪೂರ್ತಿ ಪ್ಯಾಂಟ್ ತೆಗೆಯಬೇಕು, ಅವರಿಗೆ ಟೇಪಿನದು ಒಳ್ಳೆಯದು. ಗಾಢ ಬಣ್ಣದ, ಹೂವಿನ ಚಿತ್ರದ ಸೀರೆಯಲ್ಲಿ ಒದ್ದೆ ಕಾಣುವುದಿಲ್ಲ. ತಿಳಿ ಬಣ್ಣದ ರೇಷ್ಮೆ, ಬೂದುಬಣ್ಣ ಕೂಡಲೇ ಹೇಳಿಬಿಡುತ್ತವೆ.

ಸದಾ ಹನಿಯುತ್ತಿರುವಾಗ ನಮಾಜಿಗೆ ವಜೂ (ಪ್ರಾರ್ಥನೆಗೆ ಮೊದಲು ಕೈಕಾಲು ಮುಖ ತೊಳೆದು ಶುದ್ಧಿಯಾಗುವುದು) ನಿಲ್ಲುವುದಿಲ್ಲ, ಮಸೀದಿಗೆ ಹೋಗುವುದೇ ಬಿಟ್ಟಿದ್ದೇನೆ. (ಕಲಬುರಗಿ)

ಧರ್ಮದ ತೀರ್ಪು ನಿಮ್ಮ ಧರ್ಮಪಂಡಿತರಾದ ಆಲಿಮರದು. ಆದರೂ ಇಷ್ಟು ಹೇಳಬಹುದು: ನಿಲ್ಲದೆ ಸೋರುವವರಿಗೆ ಹನಫಿ ಪಂಥದ ಧರ್ಮಶಾಸ್ತ್ರವಾದ ಫಿಕ್ಹ್‌ನಲ್ಲಿ ರಿಯಾಯಿತಿ ಇದೆ, ಪ್ರತಿ ನಮಾಜಿನ ಹೊತ್ತಿಗೆ ಒಮ್ಮೆ ವಜೂ ಮಾಡಿದರೆ ಆ ಹೊತ್ತು ಮುಗಿಯುವವರೆಗೆ ಸಲ್ಲುತ್ತದೆ. ನಿಮ್ಮ ಸ್ಥಿತಿ ಅದಕ್ಕೆ ಸೇರುತ್ತದೆಯೇ ಎಂದು ಕೇಳಿ. ನಮ್ಮ ಪಾಲಿನ ಮಾತು: ವಜೂ ಮೊದಲು ಹಳೆ ಪ್ಯಾಡ್ ತೆಗೆದು ತೊಳೆದು ಹೊಸದು ಹಾಕಿಕೊಳ್ಳಿ, ಸಜ್ದಾ, ರುಕೂವಿನಲ್ಲಿ ಬಾಗುವಾಗ ಒತ್ತಡ ಏರುತ್ತದೆ, ಬಾಗುವ ಮುನ್ನ ತಳದ ಸ್ನಾಯು ಬಿಗಿಯಿರಿ. ಮತ್ತು ಔರಾದಿನ ಪತ್ರಕ್ಕೆ ಕೊಟ್ಟ ಉತ್ತರ ಓದಿ. ಧಾರೆ ಇಲ್ಲದೆ ಹನಿಯುತ್ತಿದ್ದರೆ ನೀವೂ ಸ್ಕ್ಯಾನಿಂಗ್ ಮಾಡಿಸಲೇಬೇಕು.

ಅಮ್ಮ ರಾತ್ರಿ ನಾಲ್ಕೈದು ಸಲ ಏಳುತ್ತಾಳೆ, ಹೋದ ತಿಂಗಳು ಬಚ್ಚಲಲ್ಲಿ ಬಿದ್ದಳು. 70 ವರ್ಷ, ಬಿಪಿ ಮಾತ್ರೆ ಇದೆ. (ಹುಮನಾಬಾದ್)

ಸಂಜೆ ಕಾಲು ಊದಿರುತ್ತದೆಯೇ ನೋಡಿ. ಊದಿದ ಕಾಲಿನ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ರಾತ್ರಿಯೆಲ್ಲ ಮೂತ್ರವಾಗುತ್ತದೆ. ಮಧ್ಯಾಹ್ನದ ಮೇಲೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆತ್ತಿ ಮಲಗಿಸಿ, ಅದು ಹಗಲೇ ಹೊರಗೆ ಹೋಗುತ್ತದೆ. ಆಮ್ಲೊಡಿಪಿನ್ ಕೂಡ ಕಾಲು ಊದಿಸುವ ಮಾತ್ರೆ, ವೈದ್ಯರಿಗೆ ನೆನಪಿಸಿ. ಫ್ರುಸೆಮೈಡ್ ತರಹದ ನೀರಿನ ಮಾತ್ರೆಯನ್ನು ರಾತ್ರಿ ನುಂಗುತ್ತಿದ್ದರೆ ಹೊತ್ತು ಬದಲಿಸಬಹುದೇ ಎಂದು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಅವು ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುವುದರಿಂದ ಮೂತ್ರ ಹೆಚ್ಚುವುದು ಸಹಜ. ಮಲಗುವ ಎರಡು ಮೂರು ಗಂಟೆ ಮೊದಲು ಕುಡಿಯುವುದು ಮುಗಿಯಲಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು, ಆದ್ದರಿಂದ ಮಂಚದ ಪಕ್ಕಕ್ಕೇ ಕಮೋಡ್ ಕುರ್ಚಿ ತಂದಿಡಿ, ಸಣ್ಣ ದೀಪ ಇರಲಿ, ಕಾಲಿಗೆ ತೊಡರುವ ಚಾಪೆ ತೆಗೆಯಿರಿ.

ಅಂಗಡಿಯಲ್ಲಿ ಎಲ್ಲರೆದುರು ಡೈಪರ್ ಕೇಳಲು ನಾಚಿಕೆ. (ಬೀದರ್)

ಚೀಟಿಯಲ್ಲಿ ಬರೆದು ಕೊಡಿ: 'ದೊಡ್ಡವರ ಪ್ಯಾಂಟ್ ಡೈಪರ್, ಎಂ ಸೈಜ್, 10ರ ಪ್ಯಾಕ್'. ಅಳತೆ ಬರೆಯದಿದ್ದರೆ ಅಂಗಡಿಯವರು ಅಲ್ಲೇ ಗಟ್ಟಿಯಾಗಿ ಕೇಳುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಗಿರಾಕಿ ಕಡಿಮೆ. ಬಟ್ಟೆಯ ಕೈಚೀಲ ಒಯ್ಯಿರಿ, ಪ್ಯಾಕಿನ ಚಿತ್ರ ಹೊರಗೆ ಕಾಣುವುದಿಲ್ಲ. ಹೊಸ ಬಗೆಯದು ಮೊದಲ ಸಲ ತರುವಾಗ ದೊಡ್ಡ ಪ್ಯಾಕ್ ಬೇಡ; ಸೊಂಟಕ್ಕೆ ಕೂರದಿದ್ದರೆ ಒಡೆದ ಪ್ಯಾಕನ್ನು ಯಾರೂ ವಾಪಸು ತಗೊಳ್ಳುವುದಿಲ್ಲ.